ಬಾಕಿ ಬಿಡದ ಶಾಸಕಿ

ನಮ್ಮೂರಿನಲ್ಲಿ ದರ್ಜಿ ಹೊಲಿದುಕೊಟ್ಟ ಅಂಗಿಗೆ ಒಂದು ಗುಂಡಿ ಇರುವುದಿಲ್ಲ. ಬಡಗಿ ಮಾಡಿಕೊಟ್ಟ ಬಾಗಿಲಿಗೆ ಒಂದು ಮೊಳೆ ಕಡಿಮೆ. ಮದುವೆ ಊಟದ ಎಲೆಗೆ ಉಪ್ಪು ಬಡಿಸುವುದಿಲ್ಲ. ಬೀಗರು ಮನೆಗೆ ಹೋಗಿ "ಒಂದು ಚಿಟಿಕೆ ಉಪ್ಪಿದ್ದಿದ್ದರೆ" ಎನ್ನುತ್ತಾ ವರ್ಷಗಟ್ಟಲೆ ಆ ಊಟವನ್ನು ನೆನೆಯುತ್ತಾರೆ. ಹೊಸದಾಗಿ ಬಂದು ಸೇರಿದವರು ಮೊದಮೊದಲು ಜಗಳಕ್ಕೆ ನಿಲ್ಲುತ್ತಾರೆ. ಆಮೇಲೆ ಅವರೂ ಕಲಿಯುತ್ತಾರೆ. ಇದಕ್ಕೆ ನಾವು ಬಾಕಿ ಬಿಡುವುದು ಎನ್ನುತ್ತೇವೆ. ಬಾಕಿ ಬಿಡದೆ ಪೂರ್ತಿ ಮಾಡಿಕೊಟ್ಟ ಕೆಲಸವನ್ನು ನಮ್ಮ ಜನ ಮರೆತುಬಿಡುತ್ತಾರೆ. ಕೆಲಸವನ್ನಷ್ಟೇ ಅಲ್ಲ, ಅದಕ್ಕೆ ಮುಂಚೆ ತಾವು ಪಟ್ಟ ಪಾಡನ್ನೂ, ಮಾಡಿಕೊಟ್ಟವರ ಉಪಕಾರವನ್ನೂ. ಆ ಕೆಲಸಕ್ಕೆ ಕೈ ಹಾಕಿದವರಿಗೆ ಮಾತ್ರ ನೆನಪು ಉಳಿಯುತ್ತದೆ. ಬೇರೆ ಊರುಗಳಲ್ಲಿ ಉಪಕಾರ ಮರೆಯುವುದಕ್ಕೆ ಇಷ್ಟೂ ನೆಪ ಬೇಕಿಲ್ಲವಂತೆ. ಆ ಮಟ್ಟಿಗೆ ನಾವು ವಾಸಿ.

ಇಂಥ ಊರಿಗೆ ನನ್ನ ಅತ್ತಿಗೆ ದಾಕ್ಷಾಯಿಣಮ್ಮ ಶಾಸಕಿಯಾದರು. ಊರು ಎಂದರೆ ಹಳೇ ಪೇಟೆಯೊಂದೇ ಅಲ್ಲ. ನಗರದ ಬಸ್ಸುಗಳು ತಿರುಗಿಕೊಂಡು ಹೋಗುವ ಕಡೆಯ ನಿಲ್ದಾಣದಿಂದ ಹಿಡಿದು, ನಿನ್ನೆ ಮೊನ್ನೆ ರಾಗಿ ಹೊಲವಾಗಿದ್ದ ಬಡಾವಣೆಗಳೆಲ್ಲಾ ನಮ್ಮ ಕ್ಷೇತ್ರ. ಅತ್ತಿಗೆ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸಾಗಿದ್ದವರು. ಜ್ವರ ವಾಸಿಯಾದವರು, ಮೂಳೆ ಕೂಡಿದವರು ಡಾಕ್ಟರನ್ನು ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆಯುತ್ತಿದ್ದರು. ಆದರೆ ಮಗು ಹುಟ್ಟಿತೆಂದರೆ ಕೆಲಸ ಮುಗಿಯಿತೇ? ಶುರುವಾಯಿತು ಅಷ್ಟೇ. ಹಾಗಾಗಿ ಹೆತ್ತವರು ಯಾರೂ ಅತ್ತಿಗೆಯನ್ನು ಮರೆತಿರಲಿಲ್ಲ. ನಮ್ಮಣ್ಣ ತೀರಿಕೊಂಡ ಮೇಲೆ ಯಾರೋ ಮಾತಿಗೆ "ನೀವು ನಿಂತರೆ ಗೆಲ್ತೀರಿ ಸಿಸ್ಟರ್" ಎಂದರು. ನಿಂತರು, ತಾಯಂದಿರೆಲ್ಲಾ ಓಟು ಹಾಕಿದರು, ಗೆದ್ದರು. ನಾನು ಇದ್ದ ಸಣ್ಣ ಕೆಲಸ ಬಿಟ್ಟು ಅವರ ಕಚೇರಿ ನೋಡಿಕೊಳ್ಳಲು ಕೂತೆ. ಬುದ್ಧಿ ಇದ್ದವನಾಗಿದ್ದರೆ ಅವತ್ತೇ ಬೇಡ ಎನ್ನುತ್ತಿದ್ದೆ.

ಅವರು ಸೋಲಿಸಿದ್ದು ಬೋರಲಿಂಗಯ್ಯನವರನ್ನು. ಮೂರು ಸಲ ಗೆದ್ದಿದ್ದ ಆಸಾಮಿ, ಬಾಕಿ ಬಿಡುವುದರಲ್ಲಿ ಎತ್ತಿದ ಕೈ. ಅವರು ಹಾಕಿಸಿದ ಒಂದು ರಸ್ತೆಯೂ ಇನ್ನೊಂದು ರಸ್ತೆಯನ್ನು ಮುಟ್ಟುವುದಿಲ್ಲ. ನಡುವೆ ಎರಡು ಮಾರು ಮಣ್ಣು ಇದ್ದೇ ಇರುತ್ತದೆ. ಜನ ಆ ಮಣ್ಣಿನಲ್ಲಿ ಎಡವಿದಾಗಲೆಲ್ಲಾ "ರಸ್ತೆಯೇನೋ ಹಾಕಿಸಿಕೊಟ್ಟರು ಬೋರಲಿಂಗಯ್ಯನೋರು" ಎಂದು ನೆನೆದುಕೊಳ್ಳುತ್ತಿದ್ದರು. ಬೈಯುತ್ತಲೇ ನೆನೆದುಕೊಳ್ಳುತ್ತಿದ್ದರು ಎನ್ನಿ. ಓಟಿಗೆ ಅಷ್ಟು ಸಾಕು. ಆಸಾಮಿ ಕೆಟ್ಟವರಲ್ಲ. ಮದುವೆ ಮುಂಜಿಗೆಲ್ಲಾ ಬರುತ್ತಿದ್ದರು, ಸಾವಿಗೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದರು.

ಅತ್ತಿಗೆಗೆ ಆ ವಿದ್ಯೆ ಬರಲೇ ಇಲ್ಲ. ಹೈಸ್ಕೂಲಿನ ಹಿಂದೆ ಊರಿನ ಕಸವೆಲ್ಲಾ ಸುರಿದು ಒಂದು ಗುಡ್ಡವೇ ಆಗಿತ್ತು. ಮಕ್ಕಳು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮಗ್ಗಿ ಹೇಳುತ್ತಿದ್ದರು. ಅತ್ತಿಗೆ ಎರಡು ವರ್ಷ ಕಂಡಕಂಡ ಕಚೇರಿ ಅಲೆದು ಅದನ್ನು ತೆಗೆಸಿ, ಮಣ್ಣು ಹೊಡೆಸಿ, ಪಾರ್ಕು ಮಾಡಿಸಿದರು. ಕೊನೆಗೆ ಒಂದು ಬೆಂಚಾದರೂ ಹಾಕದೆ ಬಿಡಿ ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ. ಕೇಳಲಿಲ್ಲ. ಬೆಂಚು ಹಾಕಿದ ಮಧ್ಯಾಹ್ನವೇ ಅದರ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನನ್ನು ಕರೆದು, "ಈ ಪಾರ್ಕು ನಮ್ಮ ತಾತನ ಕಾಲದ್ದು ಕಣಪ್ಪ. ನಿಮ್ಮತ್ತಿಗೆಗೆ ಹೇಳು, ಇಂಥದ್ದು ಒಂದಾದ್ರೂ ಮಾಡ್ಲಿ" ಎಂದರು. ನಾನು ಮನೆಗೆ ಬಂದು ಕೂಗಾಡಿದೆ. ಅತ್ತಿಗೆ ನಕ್ಕರು. ಅಂಬುಲೆನ್ಸು, ಸ್ಮಶಾನದ ಗೋಡೆ, ಪೇಟೆಯ ದೀಪಗಳು, ಎಲ್ಲದರದ್ದೂ ಇದೇ ಕಥೆ.

ಚುನಾವಣೆಗೆ ಒಂದು ವರ್ಷ ಇದೆ ಎನ್ನುವಾಗ ಪಕ್ಷದವರು ಸಮೀಕ್ಷೆಗೆ ಇಬ್ಬರನ್ನು ಕಳಿಸಿದರು. ಅವರು ಬೀದಿ ಬೀದಿ ಸುತ್ತಿ ನಮ್ಮ ವರಾಂಡದಲ್ಲಿ ಬಂದು ಕೂತರು. "ಮೇಡಂ, ನಿಮ್ಮ ಬಗ್ಗೆ ಜನಕ್ಕೆ ಗೌರವ ಇದೆ. ಒಳ್ಳೇ ಹೆಂಗಸು ಅಂತಾರೆ. ಏನ್ ಮಾಡಿದ್ದಾರೆ ಅಂದ್ರೆ ಮಾತ್ರ ಒಬ್ರೂ ಬಾಯಿ ಬಿಡಲ್ಲ" ಎಂದರು. ಈ ಸಲ ಟಿಕೆಟ್ಟು ಕಷ್ಟ ಎನ್ನುವುದನ್ನು ಹೇಳದೆಯೇ ಹೇಳಿ, ಕಾಫಿ ಕುಡಿದು ಹೋದರು. ಅವರು ಹೋದ ಮೇಲೆ ಅತ್ತಿಗೆ ಲೋಟಗಳನ್ನು ತೊಳೆಯುವುದಕ್ಕೆ ಎದ್ದರು. ಅವತ್ತು ನಗಲಿಲ್ಲ.

"ನನಗೂ ಆಸೆ ಇಲ್ವೇನೋ ಶಿವಬಸು," ಎಂದರು ಬೆನ್ನು ಹಾಕಿಕೊಂಡೇ. "ಒಂದನ್ನಾದ್ರೂ ನಾನು ಮಾಡಿದ್ದು ಅಂತ ಯಾರಾದ್ರೂ ಹೇಳ್ಲಿ ಅಂತ?"

ಟಿಕೆಟ್ಟು ಗಿಕೆಟ್ಟು ಆಮೇಲಿನ ಮಾತು. ಈ ಊರು ಒಂದು ಸಲವಾದರೂ ಅತ್ತಿಗೆ ಮಾಡಿದ್ದನ್ನು ಅತ್ತಿಗೆ ಮಾಡಿದ್ದು ಎನ್ನಬೇಕು ಎಂದು ನಾನು ಹಟ ಹಿಡಿದೆ.

ಆಗ ಮೇಲ್ದಿಣ್ಣೆ ಬಡಾವಣೆಗೆ ಹೊಳೆ ನೀರಿನ ಪೈಪು ಎಳೆಯುವ ಕೆಲಸ ನಡೆಯುತ್ತಿತ್ತು. ಕ್ಷೇತ್ರದ ಅರ್ಧ ಜನ ಇರುವುದು ಆ ದಿಣ್ಣೆಯ ಮೇಲೆ, ನಮ್ಮ ಮನೆಯೂ ಅಲ್ಲೇ, ಕಟ್ಟಕಡೆಯ ತಿರುವಿನಲ್ಲಿ. ಬೋರ್‌ವೆಲ್ಲುಗಳು ಬತ್ತಿ ಎಷ್ಟೋ ಕಾಲವಾಗಿತ್ತು. ಟ್ಯಾಂಕರ್ ಬಂದರೆ ಹೆಂಗಸರು ಗಂಡಸರೆನ್ನದೆ ಬಿಂದಿಗೆ ಹಿಡಿದು ಓಡುತ್ತಿದ್ದರು. ಟ್ಯಾಂಕರ್ ಹಾರ್ನು ಕೇಳಿ ತಾಳಿ ಕಟ್ಟುವುದನ್ನು ನಿಲ್ಲಿಸಿದ ಮದುವೆಯೂ ಅಲ್ಲಿ ಆಗಿದೆ. ಅತ್ತಿಗೆ ಈ ನೀರಿಗಾಗಿ ವಿಧಾನಸಭೆಯಲ್ಲಿ ಎದ್ದು ನಿಂತು ಅತ್ತಿದ್ದರು. ಈಗ ಪೈಪು ಮನೆಮನೆಗೂ ಬರುವುದರಲ್ಲಿತ್ತು.

"ಅತ್ತಿಗೆ, ಇದೊಂದಕ್ಕೆ ಬಾಕಿ ಬಿಡೋಣ," ಎಂದೆ.

"ಗಾಯಕ್ಕೆ ಪಟ್ಟಿ ಕಟ್ಟೋ ಕೈ ಕಣೋ ಇದು. ಅರ್ಧ ಕಟ್ಟಿ ಎದ್ದೋಗು ಅಂದ್ರೆ ಬರಲ್ಲ."

"ಅರ್ಧ ಬೇಡ. ಒಂದು ಬೀದಿ. ಅದೂ ಬೇಡ, ಒಂದೇ ಒಂದು ಮನೆ. ಓಟಿನ ಮಾರನೇ ದಿನ ಅವರಿಗೂ ಕೊಟ್ಬಿಡೋಣ."

"ಯಾರ ಮನೆ, ಹೇಳು ಮತ್ತೆ. ನನ್ನ ಎಲೆಕ್ಷನ್ನಿಗೋಸ್ಕರ ಯಾರ ಮನೆ ಹೆಂಗಸು ಬಿಂದಿಗೆ ಹೊರಬೇಕು?"

ಅತ್ತಿಗೆ ಕೈಯಲ್ಲಿದ್ದ ಹುರುಳಿಕಾಯಿಯ ನಾರು ತೆಗೆದು ಪಾತ್ರೆಗೆ ಹಾಕಿದರು. ಆಮೇಲೆ, "ನಮ್ಮನೇನೇ ಬಿಡು," ಎಂದರು.

ಹಾಗೆ ದಿಣ್ಣೆಯ ಮನೆಮನೆಗೂ ನೀರು ಬಂತು, ಶಾಸಕಿಯ ಮನೆಗೆ ಮಾತ್ರ ಬರಲಿಲ್ಲ. ಗೇಟಿನಿಂದ ನಾಲ್ಕು ಹೆಜ್ಜೆ ಆಚೆ ಪೈಪಿಗೆ ನಾನೇ ಕೈಯಾರೆ ಮುಚ್ಚಳ ಹಾಕಿ ಮಣ್ಣು ಎಳೆದೆ. ಉಪಾಯ ನನ್ನದಾದ್ದರಿಂದ ನೀರು ಹೊರುವುದೂ ನನ್ನ ಪಾಲಿಗೇ ಬಂತು. ನಾನಿಲ್ಲದಾಗ ಅತ್ತಿಗೆಯೇ ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಯ ವಿಶಾಲಾಕ್ಷಿ ಟೀಚರ ನಲ್ಲಿಯಿಂದ ಹೊತ್ತು ತರುತ್ತಿದ್ದರು. ಟೀಚರು ನಿವೃತ್ತರಾದವರು, ಮಂಡಿ ನೋವಿನವರು. ಆದರೂ ತಡೆಯಲಾರದೆ ಬೆಳಿಗ್ಗೆ ಒಂದು ಬಿಂದಿಗೆ ತಾವೇ ತಂದು ನಮ್ಮ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು.

ನನ್ನ ಲೆಕ್ಕ ತಪ್ಪಲಿಲ್ಲ. ಹಾಲಿನ ಬೂತಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲಾ ಕಡೆ ಒಂದೇ ಮಾತು. "ಟ್ಯಾಂಕರ್ ಹಿಂದೆ ನಾಯಿ ಓಡ್ದಂಗೆ ಓಡ್ತಿದ್ವಲ್ಲ, ಆ ಯಮ್ಮ ಬಂದ ಮೇಲೆ ಬಾಯಿಗೆ ನೀರು ಬಂತು." ನಾನು ಮೂಲೆಯಲ್ಲಿ ನಿಂತು ಕೇಳಿಸಿಕೊಂಡು, ಬೇಕಿಲ್ಲದಿದ್ದರೂ ಎರಡನೇ ಸಲ ಗಡ್ಡ ಬೋಳಿಸಿಕೊಂಡು ಬರುತ್ತಿದ್ದೆ. ಸಮೀಕ್ಷೆಯವರು ಮತ್ತೆ ಬಂದರು. ಈ ಸಲ ಎರಡೆರಡು ಲೋಟ ಕಾಫಿ ಕುಡಿದರು. ಟಿಕೆಟ್ಟು ಅತ್ತಿಗೆಗೇ ಸಿಕ್ಕಿತು. ಬೋರಲಿಂಗಯ್ಯನವರ ಕಡೆಯ ಹುಡುಗರು ಸಂಜೆಯಾಗುವ ಮೊದಲೇ ಬಾವುಟ ಮಡಚಿ ಮನೆಗೆ ಹೋಗತೊಡಗಿದರು.

ಭಾನುವಾರ ಮತದಾನ. ಗುರುವಾರ ಬೆಳಿಗ್ಗೆ ಅತ್ತಿಗೆ ಪೇಟೆಯ ಕಡೆ ಪ್ರಚಾರಕ್ಕೆ ಹೋಗಿದ್ದರು. ಕರಪತ್ರದ ಕಟ್ಟು ಮರೆತಿದ್ದರಿಂದ ನಾನು ಮನೆಗೆ ಬಂದೆ. ಗೇಟಿನ ಮುಂದೆ ಹತ್ತಿಪ್ಪತ್ತು ಜನ. ಕೈಯಲ್ಲಿ ಹಾರೆ, ಗುದ್ದಲಿ, ಮಣ್ಣಿನ ಬಾಂಡ್ಲಿ. ಮುಂದಾಳು ಚೆನ್ನಾಜಮ್ಮ, ಬಡಾವಣೆಯ ಬಾಯಲ್ಲಿ ಇಡ್ಲಿ ಗಾಡಿ ಇಟ್ಟುಕೊಂಡಿರುವ ಹೆಂಗಸು. ಸೀರೆಯನ್ನು ಮಂಡಿಗೆ ಎತ್ತಿಕಟ್ಟಿ ಅಗೆಯುತ್ತಿದ್ದಳು. ಪ್ಲಂಬರ್ ಡೇವಿಡ್ ಪೈಪಿನ ತುಂಡುಗಳನ್ನು ಜೋಡಿಸುತ್ತಿದ್ದ. ಗುಂಡಿ ಆಗಲೇ ಗೇಟಿನ ಒಳಗೆ ಬಂದಿತ್ತು.

"ಏನಿದು? ಏನ್ ಮಾಡ್ತಿದ್ದೀರಿ?" ಎಂದೆ.

"ಕಾಣಾಕಿಲ್ವಾ?" ಎಂದಳು ಚೆನ್ನಾಜಮ್ಮ. "ದಿಣ್ಣೆಗೆಲ್ಲಾ ನೀರ್ ಕೊಟ್ಟ ತಾಯಿ ಬಿಂದಿಗೆ ಹೊತ್ಕಂಡು ತಿರುಗ್ತಾವ್ರೆ. ನಮ್ಗೆ ಅನ್ನ ಹೆಂಗಣ್ಣ ಇಳಿಯೋದು? ಎಲ್ಲಾರೂ ಮಾತಾಡ್ಕಂಡ್ವಿ. ಆಯಮ್ಮ ಬರೋ ಹೊತ್ಗೆ ಮುಗಿಸ್ಬೇಕು."

"ಭಾನುವಾರ ಕಳೀಲಿ, ಇಲಾಖೆಯೋರೇ ಬಂದು ಮಾಡ್ತಾರೆ."

"ಇಲಾಖೆಯೋರು ಮಾಡೋಂಗಿದ್ರೆ ಇಷ್ಟೊತ್ಗೆ ಮಾಡೋರು ಬಿಡಿ ಸಾರ್," ಎಂದ ಡೇವಿಡ್, ತಲೆ ಎತ್ತದೆ.

ನಿಜ ಹೇಳಿಬಿಡಬಹುದಿತ್ತು. ಇದು ಬೇಕೆಂದೇ ಬಿಟ್ಟ ಬಾಕಿ, ಇದನ್ನು ಮುಗಿಸಿದರೆ ನೀರು ಬಂದದ್ದೇ ದಿಣ್ಣೆಗೆ ಮರೆತುಹೋಗುತ್ತದೆ ಎಂದು. ಆದರೆ ಅವರು ಅಗೆಯುತ್ತಿದ್ದದ್ದೇ ಅತ್ತಿಗೆ ಬಾಕಿ ಬಿಡುವ ಪೈಕಿ ಅಲ್ಲ ಎನ್ನುವ ನಂಬಿಕೆಯಿಂದ. ಆ ಮುಖಗಳ ಎದುರು ಇದು ನಮ್ಮ ಆಟ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಬೇರೆ ದಾರಿ ಹಿಡಿದೆ.

"ಹೋಗ್ಲಿ, ಕೊನೇ ಜಾಯಿಂಟ್ ಆದ್ರೂ ಬಾಕಿ ಬಿಡಿ. ಪೂರ್ತಿ ಮಾಡಿದ್ರೆ ನೀವೆಲ್ಲಾ ಬಂದು ಅಗೆದಿದ್ದು ಅತ್ತಿಗೆಗೆ ನೆನಪೇ ಇರಲ್ಲ."

ಚೆನ್ನಾಜಮ್ಮ ಹಾರೆ ಊರಿ ನಿಂತಳು. "ನೆಪ್ಪಿರೋದು ಬ್ಯಾಡ," ಎಂದಳು. "ಬಾಕಿ ಬಿಡೋದು ಗಿರಾಕಿಗಳ್ಗೆ ಕಣಣ್ಣ. ನಾನೂ ಚಟ್ನೀಲಿ ಬಿಡ್ತೀನಿ. ಮಕ್ಳಿಗೆ ಹಾಲು ಕುಡಿಸೋವಾಗ ಯಾವಳಾದ್ರೂ ಬಾಕಿ ಬಿಡ್ತಾಳಾ?"

ನಾನು ಅತ್ತಿಗೆಗೆ ಫೋನು ಮಾಡಿದೆ. ಪ್ರಚಾರದ ಜೀಪಿನಲ್ಲೇ ಬಂದಿಳಿದರು. ಕೊರಳಲ್ಲಿ ಯಾರೋ ಹಾಕಿದ ಶಾಲು. ಗುಂಡಿ ನೋಡಿದರು, ಜನರನ್ನು ನೋಡಿದರು. ನಾನು ಅವರನ್ನು ಪಾರಿಜಾತದ ಗಿಡದ ಪಕ್ಕಕ್ಕೆ ಕರೆದುಕೊಂಡು ಹೋದೆ.

"ಅತ್ತಿಗೆ, ನಾನು ಹೇಳಿದ್ರೆ ಕೇಳ್ತಿಲ್ಲ. ನೀವು ಒಂದು ಮಾತು ಹೇಳಿ. ಭಾನುವಾರದವರೆಗೆ ಅಷ್ಟೇ. ನಿಮ್ಮ ಕಾಲಿಗೆ ಬೀಳ್ತೀನಿ."

ಅತ್ತಿಗೆ ಚೆನ್ನಾಜಮ್ಮನ ಕಡೆ ನೋಡುತ್ತಿದ್ದರು. ಅವಳು ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು, ಬಟ್ಟೆಯಲ್ಲಿ ರಕ್ತದ ಕಲೆ. ಅತ್ತಿಗೆ ಹೋಗಿ ಆ ಕೈಯನ್ನು ಬಿಚ್ಚಿ ನೋಡಿದರು. ಬೊಬ್ಬೆ ಒಡೆದಿತ್ತು. "ಔಷಧಿ ಹಚ್ಬೇಕು ಇದಕ್ಕೆ" ಎಂದು ಮತ್ತೆ ಕಟ್ಟಿ, ನನ್ನ ಹತ್ತಿರ ಬಂದರು.

"ಇದು ಮುಗಿದ್ರೆ ಇವರು ಮಾಡಿದ್ದು ನನಗೂ ಮರೆಯುತ್ತೆ, ಅಲ್ವಾ?"

"ಮರೆಯುತ್ತೆ. ಮನೇಲಿ ನೀರಿರಲಿಲ್ಲ ಅನ್ನೋದೂ ಮರೆಯುತ್ತೆ. ಇವರು ಯಾರೂ ಬಂದೇ ಇರಲಿಲ್ಲ ಅನ್ನೋ ಹಾಗಾಗುತ್ತೆ. ಓಟೂ ಹೋಗುತ್ತೆ."

"ಓಟು ಹೋದ್ರೆ ಹೋಗ್ಲಿ ಬಿಡೋ," ಎಂದರು. "ಇದನ್ನ ಮರೆಯೋದು ಮಾತ್ರ ನನ್ನಿಂದ ಆಗಲ್ಲ."

ಶಾಲು ತೆಗೆದು ನನ್ನ ಕೈಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಷೇತ್ರದ ಶಾಸಕಿ ಗುಂಡಿಗೆ ಇಳಿದರು. "ಡೇವಿಡ್, ಆ ಸ್ಪ್ಯಾನರ್ ಕೊಡಪ್ಪ ಇಲ್ಲಿ. ಕೊನೇದು ನಾನು ಬಿಗೀತೀನಿ." ಜನರು ಚಪ್ಪಾಳೆ ತಟ್ಟಿದರು. ಶಾಸಕಿಗೆ ಎಷ್ಟು ಸಂತೋಷ ನೋಡಿ ಎಂದುಕೊಂಡಿರಬೇಕು. ಕೈ ಹಾಕಿದವರು ಮರೆಯುವುದಿಲ್ಲ, ಅದಕ್ಕೇ ಅವರು ಇಳಿದದ್ದು ಎನ್ನುವುದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಾನು ಶಾಲಿನಲ್ಲಿ ಮುಖ ಒರೆಸಿಕೊಂಡೆ.

ಅತ್ತಿಗೆ ಕೈ ಕೆಂಪಾಗುವ ತನಕ ತಿರುಗಿಸಿ ಬಿಗಿದರು. ಡೇವಿಡ್ ಆಚೆಯ ವಾಲ್ವು ತೆರೆದ. ಹಿತ್ತಲ ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಅದೇ ಹೊತ್ತಿಗೆ ವಿಶಾಲಾಕ್ಷಿ ಟೀಚರು ಬಿಂದಿಗೆ ಹೊತ್ತು ಕುಂಟುತ್ತಾ ನಮ್ಮ ಗೇಟಿನ ಒಳಗೆ ಬಂದರು. ಬಂದವರು ನಡುವೆ ನಿಂತುಬಿಟ್ಟರು. ಬಿಂದಿಗೆ ನೋಡಿದರು, ನಮ್ಮನ್ನು ನೋಡಿದರು.

"ಇದೇನು ದಾಕ್ಷಾಯಿಣಿ, ನಾನ್ಯಾಕೆ ನೀರು ಹೊತ್ಕೊಂಡು ಬಂದಿದ್ದೀನಿ?"

ಗುಂಡಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನಾಲ್ಕು ಹೆಜ್ಜೆ ಪೈಪೇ ಇಡೀ ದಿಣ್ಣೆಯ ಬಾಕಿ ಎಂದು ಅವರಿಗೆ ಆಗ ಅರ್ಥವಾಯಿತು. "ಟೀಚರೇ, ಟ್ಯಾಂಕರ್ ಹಿಂದೆ ಓಡ್ತಿದ್ವಲ್ಲ, ನೆಪ್ಪಿಲ್ವಾ?" ಎಂದು ಚೆನ್ನಾಜಮ್ಮ ಹತ್ತಿರ ಹತ್ತಿರ ಕಿರುಚಿದಳು. ಟೀಚರು, "ಯಾವ ಟ್ಯಾಂಕರಮ್ಮ? ನಮ್ಮ ದಿಣ್ಣೇಲಿ ಯಾವಾಗ್ಲೂ ಸಿಹಿನೀರೇ ಅಲ್ವಾ?" ಎಂದರು. ಚೆನ್ನಾಜಮ್ಮ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತು ತಲೆ ಚಚ್ಚಿಕೊಂಡಳು. "ಅಯ್ಯೋ, ನನ್ ಕೈ ಸೇದೋಗ! ನಾವೇ ಮರೆಸ್ಬುಟ್ವಲ್ಲೋ!"

ಅತ್ತಿಗೆ ಅವಳನ್ನು ಎಬ್ಬಿಸಿ, ಒಳಗೆ ಕರೆದುಕೊಂಡು ಹೋಗಿ, ಬೊಬ್ಬೆಗೆ ಮುಲಾಮು ಹಚ್ಚಿದರು. ಎಲ್ಲರಿಗೂ ನಲ್ಲಿಯ ನೀರಿನಲ್ಲೇ ಕಾಫಿ ಆಯಿತು.

ಆಮೇಲಿನ ದಿನಗಳಲ್ಲಿ ಗುಂಡಿ ತೋಡಿದವರು ಮಾಡಿದ ಪ್ರಚಾರವನ್ನು ದುಡ್ಡು ಕೊಟ್ಟರೂ ಯಾರೂ ಮಾಡುತ್ತಿರಲಿಲ್ಲ. ಮನೆಮನೆಗೆ ಹೋಗಿ ಬತ್ತಿದ ಬೋರ್‌ವೆಲ್ ತೋರಿಸಿದರು, ಮೂಲೆಗೆ ಬಿದ್ದಿದ್ದ ಪ್ಲಾಸ್ಟಿಕ್ ಡ್ರಮ್ಮು ತೋರಿಸಿದರು. ಜನ ಡ್ರಮ್ಮು ನೋಡಿ, ಇದು ಅಕ್ಕಿಗೆ ತಂದದ್ದಿರಬೇಕು ಎಂದರು. ಓಟಿಗೆ ಇಷ್ಟೆಲ್ಲಾ ಸುಳ್ಳು ಹೇಳಬಾರದು ಎಂದು ಒಬ್ಬಾತ ಡೇವಿಡ್‌ಗೆ ಬುದ್ಧಿಯನ್ನೂ ಹೇಳಿದ. ಮತ್ತೆ ಅದೇ ಹಳೇ ರಾಗ: ಒಳ್ಳೇ ಹೆಂಗಸು, ಆದರೆ ಏನು ಮಾಡಿದ್ದಾರೆ?

ಸೋತೆವು. ಅಂತರ ದೊಡ್ಡದೇನಲ್ಲ, ಆದರೂ ಸೋಲು ಸೋಲೇ.

ಗೆದ್ದವರು ಸೋತವರ ಮನೆಗೆ ಬಂದು ಹೋಗುವುದು ನಮ್ಮಲ್ಲಿ ಪದ್ಧತಿ. ಎಣಿಕೆ ಮುಗಿದ ಸಂಜೆ ಬೋರಲಿಂಗಯ್ಯನವರು ಹಾರ ಹಾಕಿಕೊಂಡೇ ಬಂದರು. ತಮಟೆಯವರನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸಿ ಒಬ್ಬರೇ ಒಳಗೆ ಬಂದದ್ದನ್ನು ನಾನು ಗಮನಿಸಿದೆ. ಕುಡಿಯುವುದಕ್ಕೆ ನೀರು ಕೇಳಿದರು. ಅತ್ತಿಗೆ ನಲ್ಲಿಯಿಂದ ಹಿಡಿದು ತಂದುಕೊಟ್ಟರು.

"ತಾಯಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು. "ನಾನು ಸೋತೋನೇ ಅಂತ ಗುರುವಾರ ಬೆಳಿಗ್ಗೆ ಬಾವುಟ ಎಲ್ಲಾ ಒಳಗಿಡಿಸಿದ್ದೆ. ಊರೆಲ್ಲಾ ನಿಮ್ಮ ಹೆಸರೇ ಹೇಳ್ತಿತ್ತು. ಯಾಕೆ ಹೇಳ್ತಿತ್ತು ಅಂತ ಈಗ ನನಗೂ ನೆನಪಿಲ್ಲ ನೋಡಿ. ಮೂವತ್ತು ವರ್ಷದ ರಾಜಕಾರಣಿ ನಾನು, ಇಷ್ಟು ಗೊತ್ತಾಗುತ್ತೆ. ನಿಮ್ಮ ಕೈಲಿ ಒಂದು ದೊಡ್ಡ ಬಾಕಿ ಇತ್ತು. ಅದನ್ನ ಯಾರು ಕೆಡಿಸಿದ್ರು?"

"ಕೆಡಿಸಿದ್ದಲ್ಲ ಬೋರಲಿಂಗಯ್ಯನವರೇ. ನಮ್ಮ ದಿಣ್ಣೆಯವರು ಬಂದು ನನಗೆ ಪೂರ್ತಿ ಮಾಡಿಕೊಟ್ರು." ಅತ್ತಿಗೆ ನಡೆದದ್ದೆಲ್ಲಾ ಹೇಳಿದರು. ಚೆನ್ನಾಜಮ್ಮನ ಅಂಗೈ, ಡೇವಿಡ್‌ನ ಪೈಪು, ಬಾಂಡ್ಲಿ ಹೊತ್ತವರ ಒಬ್ಬೊಬ್ಬರ ಹೆಸರು. ಹೇಳುವಾಗ ಅವರ ಮುಖ ಗೆದ್ದವರ ಮುಖದ ಹಾಗಿತ್ತು. ನನಗೆ ಅದನ್ನು ಕಂಡು ಹೊಟ್ಟೆಕಿಚ್ಚೇ ಆಯಿತು.

ಬೋರಲಿಂಗಯ್ಯನವರು ಲೋಟದ ನೀರನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸಿದರು. ಬೀದಿಯ ಕೊನೆಯಲ್ಲಿ ತಮಟೆಯವರು ಕಾದು ಬೇಸತ್ತು ಒಂದೊಂದೇ ಏಟು ಹಾಕುತ್ತಿದ್ದರು. ಆಮೇಲೆ ಬೋರಲಿಂಗಯ್ಯನವರು ಕೊರಳ ಹಾರವನ್ನು ಮುಂದಕ್ಕೆ ಎಳೆದು ಅತ್ತಿಗೆಗೆ ತೋರಿಸಿದರು. ಎಡಭಾಗದಲ್ಲಿ ಎರಡು ಬೆರಳಿನಷ್ಟು ಹೂವಿಲ್ಲದೆ ಬರೀ ದಾರ ಕಾಣುತ್ತಿತ್ತು.

"ನೋಡಿ," ಎಂದರು. "ನಾನು ಗೆದ್ದ ದಿವಸದ ಹಾರ. ತಂದೋನು ಇದರಲ್ಲೂ ಬಾಕಿ ಬಿಟ್ಟವ್ನೆ, ನಾಳೆ ನಾನು ಅವನನ್ನ ಮರೀಬಾರದು ಅಂತ. ಮನೇಲಿ ಮಗ ಕಾಫಿ ಕೊಟ್ರೆ ಸಕ್ಕರೆ ಹಾಕಿರಲ್ಲ. ಇಷ್ಟು ವರ್ಷದಲ್ಲಿ ನನಗೆ ಅಂತ ಒಬ್ಬರೂ ಒಂದನ್ನೂ ಪೂರ್ತಿ ಮಾಡಿಕೊಟ್ಟಿಲ್ಲ ಕಣ್ರಮ್ಮ." ಅವರ ಕಣ್ಣು ತುಂಬಿ ಬಂತು.

ನನಗೆ ಆ ಮನುಷ್ಯನ ಮೇಲೆ ಜನ್ಮದಲ್ಲಿ ಮೊದಲ ಸಲ ಕನಿಕರ ಹುಟ್ಟಿತು. ಅತ್ತಿಗೆ ಒಳಗೆ ಹೋಗಿ, ಪೂಜೆಗೆಂದು ಬಿಡಿಸಿಟ್ಟಿದ್ದ ಹೂವಿನಲ್ಲಿ ಒಂದು ಬೊಗಸೆಯನ್ನೂ ಸೂಜಿಯನ್ನೂ ತಂದರು. ಅವರ ಎದುರು ಕೂತು, ಹಾರವನ್ನು ಕೊರಳಿನಿಂದ ತೆಗೆಯದೆಯೇ, ಬರಿದಾಗಿದ್ದ ಆ ದಾರಕ್ಕೆ ಒಂದೊಂದೇ ಹೂ ಸೇರಿಸಿ, ಕೊನೆಯ ಗಂಟನ್ನೂ ಹಾಕಿದರು.

ಬೋರಲಿಂಗಯ್ಯನವರು ಎದ್ದು ಹಾರ ಸರಿಮಾಡಿಕೊಂಡರು. ಕಣ್ಣು ಯಾಕೆ ಒದ್ದೆಯಾಗಿದೆ ಎಂದು ಗೊತ್ತಾಗದವರಂತೆ ಒರೆಸಿಕೊಂಡು, "ನೀರು ಚೆನ್ನಾಗಿದೆ ತಾಯಿ, ಬರ್ತೀನಿ" ಎಂದು ಹೇಳಿ ತಮಟೆಯವರ ಕಡೆ ನಡೆದರು.